ನಾನೂರ ಹದಿಮೂರನೇ ಕಾರ್ಡು

"ಆ ಡ್ರಾಯರ್ ಮುಟ್ಟಬೇಡಿ. ಅದು ಇನ್ನೂ ಮುಗಿದಿಲ್ಲ."

ಪತ್ತೇದಾರ ಕೈ ಹಿಂದಕ್ಕೆಳೆದುಕೊಂಡ. ಮೂವತ್ತು ವರ್ಷ ಕಳ್ಳಕಾಕರ ನಡುವೆ ಓಡಾಡಿ ಚರ್ಮ ದಪ್ಪಗಾದ ಮನುಷ್ಯ. ಆದರೂ ಯಾರಾದರೂ ಹೀಗೆ ಗದರಿಸಿದರೆ ಇವತ್ತಿಗೂ ಮೂರನೇ ಕ್ಲಾಸಿನ ಹುಡುಗನಾಗಿಬಿಡುತ್ತಾನೆ.

ಗದರಿಸಿದಾಕೆ ಮೇಜಿನ ಆಚೆ ಕೂತಿದ್ದರು. ಸಂಸ್ಥೆಯವರೆಲ್ಲ ಆಕೆಯನ್ನು ಪದಕೋಶದಮ್ಮ ಎನ್ನುತ್ತಿದ್ದರು. ಅರವತ್ತರ ಆಸುಪಾಸು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಹತ್ತೊಂಬತ್ತು ವರ್ಷದಿಂದ ನೆಲಮಹಡಿಯ ಈ ಹಿಂದಿನ ಕೋಣೆಯಲ್ಲಿ ಕೂತು ವಿಜ್ಞಾನದ ಪದಕೋಶ ಕಟ್ಟುತ್ತಿದ್ದರು. ಒಂದು ಕಾಲಕ್ಕೆ ಇಲ್ಲಿ ಒಂಬತ್ತು ಜನ ಇದ್ದರಂತೆ. ಈಗ ಒಂಬತ್ತು ಕುರ್ಚಿಗಳಿದ್ದವು, ಒಬ್ಬರೇ ಇದ್ದರು.

ಮೂರು ವಾರದ ಹಿಂದೆ ಇದೇ ಕಟ್ಟಡದ ಮೂರನೇ ಮಹಡಿಯ ಲ್ಯಾಬಿನಲ್ಲಿ ಈಥರ್ ಬಾಟಲಿ ಸಿಡಿದು ರಸಾಯನಶಾಸ್ತ್ರದ ಮೇಷ್ಟ್ರು ಸತ್ತಿದ್ದರು. ಕೆಟ್ಟುಹೋದ ಬಾಟಲಿಯನ್ನು ಹಾಗೇ ಬಿಟ್ಟನೆಂದು ಸ್ಟೋರ್‌ಕೀಪರ್ ಲಾಕಪ್ಪಿನಲ್ಲಿದ್ದ. ನಾಳೆ ಹನ್ನೊಂದಕ್ಕೆ ಕೋರ್ಟು. ಅಷ್ಟರೊಳಗೆ ಪುರಾವೆ ಸಿಗದಿದ್ದರೆ ಅವನ ಗತಿ ಮುಗಿದ ಹಾಗೆ.

"ಸ್ಟೋರ್‌ಕೀಪರ್ ನಿಮಗೆ ಗೊತ್ತಾ ಅಮ್ಮಾ?"

"ಗೊತ್ತು. ನನ್ನ ಫ್ಯಾನ್ ರಿಪೇರಿ ಮಾಡಿಕೊಟ್ಟೋನು ಅವನೇ."

"ಇವತ್ತು ಬೆಳಿಗ್ಗೆ ಕಂಬಿ ಹಿಡ್ಕೊಂಡು ಅಳ್ತಾ ಇದ್ದ. ಎರಡು ಹೆಣ್ಣುಮಕ್ಕಳ ತಂದೆ."

ಪದಕೋಶದಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಕನ್ನಡಕ ಮೊದಲೇ ಚೊಕ್ಕವಾಗಿತ್ತು.

ಸ್ಟೋರ್‌ಕೀಪರ್ ಹೇಳಿದ್ದು ಇಷ್ಟು. ಈಥರ್ ಬಾಟಲಿಯೊಂದರ ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದ್ದನ್ನು ಅವನು ನೋಡಿದ್ದ. ಕುತ್ತಿಗೆಗೆ ಕೆಂಪು ಚೀಟಿ ಕಟ್ಟಿ, ಲ್ಯಾಬಿನ ದಿನಚರಿಯ ನೂರ ಹನ್ನೆರಡನೇ ಪುಟದಲ್ಲಿ ಬರೆದಿಟ್ಟಿದ್ದ. ಮೇಷ್ಟ್ರು ಅದನ್ನು ಓದಿ, "ಇದು ನನ್ನ ಪದಕೋಶಕ್ಕೆ ಬೇಕು ಕಣಯ್ಯಾ" ಎಂದು ಖುಷಿಯಾಗಿ ನಕಲು ಮಾಡಿಕೊಂಡಿದ್ದರು.

ಆದರೆ ಹಾಳೆಗೊಂದೇ ನಂಬರಿದ್ದ ಆ ದಿನಚರಿಯಲ್ಲಿ ನೂರ ಹನ್ನೊಂದಾದ ಮೇಲೆ ನೂರ ಹದಿಮೂರೇ ಇತ್ತು. ಮಧ್ಯದ ಹಾಳೆಯನ್ನು ಯಾರೋ ಹರಿದಿದ್ದರು. ಕೆಂಪು ಚೀಟಿ ಇತ್ತು ನಿಜ, ಆದರೆ ಕಪಾಟಿನಲ್ಲಿ ಉಳಿದಿದ್ದ ಹೊಚ್ಚಹೊಸ ಬಾಟಲಿಯ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಪೊಲೀಸರಿಗೆ ಅಷ್ಟೇ ಸಾಕಾಯಿತು. ಇವನು ಒಳ್ಳೇ ಬಾಟಲಿಗೆ ಚೀಟಿ ಕಟ್ಟಿದ, ತಪ್ಪು ಮುಚ್ಚೋಕೆ ಹಾಳೆ ಹರಿದ ಎಂದು ಷರಾ ಬರೆದು ಕೈ ತೊಳೆದುಕೊಂಡರು.

"ಮೇಷ್ಟ್ರು ನಕಲು ಮಾಡಿಕೊಂಡ ಕಾರ್ಡು ನಿಮ್ಮ ಹತ್ರ ಇರಬೇಕಲ್ವಾ?" ಪತ್ತೇದಾರ ಕೇಳಿದ.

"ಸಾವಿರಾರು ಕಾರ್ಡಿದೆ. ಯಾವುದೂಂತ ಹುಡುಕಲಿ?"

"ಪೆರಾಕ್ಸೈಡ್."

ಆಕೆಯ ಕೈ ಕನ್ನಡಕದ ಮೇಲೆ ನಿಂತಿತು.

ಆ ಪದ ಅವನಿಗೆ ಮೂರು ವಾರದ ಹಿಂದೆ ಗೊತ್ತಿರಲಿಲ್ಲ. ಕೇಸು ಕೈಗೆ ಬಂದ ಮೇಲೆ ಎರಡು ದಿನ ಲೈಬ್ರರಿಯಲ್ಲಿ ಕೂತು ಉರು ಹೊಡೆದಿದ್ದ. ಕೇಸು ತಂದವಳು ಮೇಷ್ಟ್ರ ಅಣ್ಣನ ಮಗಳು. ತಂದೆತಾಯಿ ಇಲ್ಲದ ಹುಡುಗಿ, ಚಿಕ್ಕಪ್ಪನ ಮನೆ ನೋಡಿಕೊಂಡಿದ್ದವಳು. ‘ಸ್ಟೋರ್‌ಕೀಪರ್ ಅಂಥೋನಲ್ಲ ಮಾಮ, ನೀವೇ ಏನಾದ್ರೂ ಮಾಡಿ’ ಎಂದು ಅವನ ಕೋಣೆಗೆ ಬಂದು ಕಣ್ಣೀರು ಹಾಕಿದ್ದಳು. ಅವನನ್ನು ಮಾಮ ಎಂದು ಯಾರಾದರೂ ಕರೆದು ಎಷ್ಟೋ ವರ್ಷವಾಗಿತ್ತು.

ಉರು ಹೊಡೆದದ್ದನ್ನು ಅವಳಿಗೆ ಒಪ್ಪಿಸಿದ್ದೂ ಆಯಿತು. "ನೋಡಮ್ಮ, ಎರಡು ಆಮ್ಲಜನಕದ ಪರಮಾಣು ಹೀಗೆ ಒಂದರ ಕೈ ಒಂದು ಹಿಡ್ಕೊಂಡಿರುತ್ತೆ" ಎಂದು ತನ್ನ ಎರಡೂ ಕೈ ಹೆಣೆದು ತೋರಿಸಿದ್ದ. "ಹಿಡಿತ ಸಡಿಲ. ಸ್ವಲ್ಪ ಅಲ್ಲಾಡಿದ್ರೂ ಬಿಟ್ಟೋಗುತ್ತೆ, ಬಿಟ್ಟಾಗಲೇ ಢಂ!"

ಅವಳು ಕಣ್ಣರಳಿಸಿ ಕೇಳಿದ್ದಳು. "ಪೆರಾಕ್ಸೈಡಾ? ಕೂದಲಿನ ಬಣ್ಣ ತೆಗೆಯೋಕೆ ಹಚ್ತಾರಲ್ಲ, ಅದಾ ಮಾಮ? ನಂಗೆ ಅದೊಂದೇ ಗೊತ್ತು. ಚಿಕ್ಕಪ್ಪನ ಲ್ಯಾಬಿನ ಹೊಸಿಲು ತುಳಿದೋಳೇ ಅಲ್ಲ ನಾನು, ಆ ವಾಸನೆಗೆ ತಲೆನೋವು ಬರುತ್ತೆ."

ಅವನು ಬಿದ್ದು ಬಿದ್ದು ನಕ್ಕಿದ್ದ. ಹೆಂಡತಿ ಹೋದ ಮೇಲೆ ಆ ಕೋಣೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ಅದಾದ ಮೇಲೆ ದಿನಾ ಮಧ್ಯಾಹ್ನ ಒಂದೂವರೆಗೆ ಅವಳ ಫೋನು. "ಊಟ ಆಯ್ತಾ ಮಾಮ?" ಸುಳ್ಳು ಹೇಳಬಾರದೆಂದು ಅವನು ಒಂದೂಕಾಲಿಗೇ ಊಟಕ್ಕೆ ಕೂರುವುದನ್ನು ಕಲಿತ. ಫೋನಿನ ಪಕ್ಕ ತಟ್ಟೆ ಇಟ್ಟುಕೊಂಡು ಕಾಯುವುದನ್ನೂ ಕಲಿತ.

ಈಗಲೂ ಅವಳು ಗೇಟಿನ ಹತ್ತಿರ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಚಿಕ್ಕಪ್ಪ ಸತ್ತ ಕಟ್ಟಡದೊಳಗೆ ಕಾಲಿಡಲು ಮನಸ್ಸು ಒಪ್ಪಲ್ಲ ಎಂದಿದ್ದಳು. "ಚಿಕ್ಕಪ್ಪ ಬರೆದ ಒಂದು ಚೂರು ಕಾಗದ ಸಿಕ್ಕಿದ್ರೂ ಮೊದಲು ನಂಗೇ ತೋರಿಸಿ ಮಾಮ. ಅವರ ಅಕ್ಷರ ನೋಡೋ ಆಸೆ."

ಪತ್ತೇದಾರ ಎದ್ದು, ಮುಟ್ಟಬೇಡಿ ಎಂದ ಡ್ರಾಯರನ್ನೇ ಎಳೆದ.

"ಹೇಳಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು. ಇದನ್ನ ನೋಡಿ ಬಿಟ್ಟುಬಿಡ್ತೀನಿ."

ಪೆಂಟೇನ್, ನಾನೂರ ಹನ್ನೊಂದು. ಪೆಪ್ಟೈಡ್, ನಾನೂರ ಹನ್ನೆರಡು. ಆಮೇಲೆ ಪೈರಿಡೀನ್, ನಾನೂರ ಹದಿನಾಲ್ಕು.

"ಇಲ್ಲೂ ಒಂದು ಮಾಯ" ಎಂದ ಪತ್ತೇದಾರ. "ಮೇಲೆ ನೂರ ಹನ್ನೆರಡನೇ ಹಾಳೆ ಇಲ್ಲ, ಕೆಳಗೆ ಮುಂದಿನ ಕಾರ್ಡಿಲ್ಲ. ಈ ಕಟ್ಟಡದಲ್ಲಿ ಇಲಿಗಳು ಬಹಳ ಓದಿಕೊಂಡಿವೆ ಅಂತ ಕಾಣುತ್ತೆ."

ಆಕೆ ನಗಲಿಲ್ಲ. "ಖಾಲಿ ನಂಬರ್ ಬಿಟ್ಟಿರಬಹುದು."

"ನೀವು ನಂಬರ್ ಬಿಡೋ ಪೈಕಿ ಅಲ್ಲ. ಈ ಕಾರ್ಡು ಹೇಗೆ ತಯಾರಾಗುತ್ತೆ, ಹೇಳಿ."

ಕೆಲಸದ ಮಾತು ಬಂದ ಕೂಡಲೇ ಆಕೆಯ ಬೆನ್ನು ನೇರವಾಯಿತು. ಹತ್ತೊಂಬತ್ತು ವರ್ಷದಲ್ಲಿ ಹೊರಗಿನವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲವೇನೋ.

"ಪದ, ಅರ್ಥ, ಬಳಕೆ. ಇಷ್ಟೇ. ಅರ್ಥ ನಾವು ಬರೀಬಹುದು. ಬಳಕೆಯ ವಾಕ್ಯ ಮಾತ್ರ ನಾವು ಕಟ್ಟೋ ಹಾಗಿಲ್ಲ. ಯಾರೋ ತಮ್ಮ ಕೆಲಸಕ್ಕೆ ನಿಜವಾಗಿ ಬರೆದ ವಾಕ್ಯವೇ ಆಗಬೇಕು. ಅದು ಎಲ್ಲಿ ಸಿಕ್ತು, ಯಾವ ಪುಟ, ಯಾವ ತಾರೀಖು, ಮೂಲೆಯಲ್ಲಿ ಬರೀಬೇಕು. ಬರೆದೋರಲ್ಲದೆ ಇನ್ನೊಬ್ಬರು ಹೋಗಿ ಆ ಪುಟಾನ ಕಣ್ಣಾರೆ ನೋಡಿ ಗುರುತು ಹಾಕಬೇಕು. ನೋಡದೆ ಗುರುತು ಹಾಕಿದ್ದು ಗೊತ್ತಾದ್ರೆ ಮೇಷ್ಟ್ರು ಕಾರ್ಡನ್ನೇ ಹರಿದು ಬಿಸಾಕ್ತಿದ್ರು."

"ಭಾರೀ ಕಟ್ಟುನಿಟ್ಟು."

"ಪ್ರತೀ ಗುರುವಾರ ಮೂರು ಗಂಟೆಗೆ ಬರೋರು. ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಗಬೇಕಿತ್ತು. ಭೂತಗನ್ನಡಿ ಹಿಡ್ಕೊಂಡು ಒಂದೊಂದೇ ಅಕ್ಷರ ಓದೋರು. ಒಂದು ಪದಕ್ಕೆ ಒಂದು ಗಂಟೆ ಜಗಳ. ಆಮೇಲೆ ಚಹಾ." ಆಕೆಯ ದನಿ ಇಳಿಯಿತು. "ಈಗ ಗುರುವಾರ ಬಂದ್ರೆ ಏನು ಮಾಡಬೇಕೋ ತಿಳಿಯಲ್ಲ."

ಅವತ್ತು ಗುರುವಾರವೇ. ಗೋಡೆ ಗಡಿಯಾರದಲ್ಲಿ ಮೂರೂಕಾಲು.

ಪತ್ತೇದಾರನಿಗೆ ಪಾಪ ಅನ್ನಿಸಿತು. ಅನ್ನಿಸಿದರೂ ಅವನ ಕಣ್ಣು ಸುಮ್ಮನಿರುವ ಜಾತಿಯದಲ್ಲ. ಒಂಬತ್ತು ಕುರ್ಚಿಗಳಲ್ಲಿ ಒಂದಕ್ಕೆ ಮಾತ್ರ ದಿಂಬು ಇತ್ತು. ಬಂದಾಗ ಅದರಲ್ಲಿ ಕೂರಲು ಹೋಗಿದ್ದ ಅವನನ್ನು ಆಕೆ ತಡೆದು ಸ್ಟೂಲು ತೋರಿಸಿದ್ದರು. ಮೇಷ್ಟ್ರ ಕುರ್ಚಿ, ಬೇರೆಯವರು ಕೂರಬಾರದು ಎಂಬ ಅಕ್ಕರೆ ಎಂದುಕೊಂಡಿದ್ದ. ಆದರೆ ಪೆರಾಕ್ಸೈಡ್ ಎಂದಾಗ ಒಂದು ಸಲ, ನಂಬರಿಲ್ಲ ಎಂದಾಗ ಇನ್ನೊಂದು ಸಲ, ಆಕೆಯ ನೋಟ ಆ ದಿಂಬಿನ ಮೇಲೆ ಹೋಗಿ ಬಂದಿತ್ತು.

"ಅಮ್ಮಾ, ಆ ದಿಂಬು ಕೊಡಿ."

"ಯಾಕೆ?"

"ಸ್ಟೂಲು ಒತ್ತುತ್ತೆ."

ಪದಕೋಶದಮ್ಮ ಏಳಲಿಲ್ಲ. ಅವನೇ ಎದ್ದ. ಆಕೆ ಥಟ್ಟನೆ ಎದ್ದು ಕುರ್ಚಿಗೆ ಅಡ್ಡ ನಿಂತರು. ಮಂಡಿ ನೋವಿಗೆ ಮುಖ ಕಿವುಚಿತು, ಆದರೂ ಕದಲಲಿಲ್ಲ.

"ಬಿಡಿ" ಎಂದರು. "ದಮ್ಮಯ್ಯ, ಅದೊಂದನ್ನ ಬಿಟ್ಟುಬಿಡಿ."

"ಬಿಟ್ಟರೆ ನಾಳೆ ನಿಮ್ಮ ಫ್ಯಾನ್ ರಿಪೇರಿ ಮಾಡಿದೋನು ಜೈಲಿಗೆ ಹೋಗ್ತಾನೆ."

"ಬಿಡದೆ ಇದ್ದರೆ ಮೇಷ್ಟ್ರ ಹೆಸರು ಮಣ್ಣಾಗುತ್ತೆ!" ಆಕೆ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅವರು ತಾವಾಗಿ ಸತ್ತರು ಅಂತ ಊರೆಲ್ಲ ಆಡಿಕೊಳ್ಳುತ್ತೆ. ಗೊತ್ತಾ ನಿಮಗೆ?"

ಆಕೆ ದಿಂಬಿನ ಕವಚದೊಳಗೆ ಕೈ ತೂರಿಸಿ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟು, ಅದೇ ಕುರ್ಚಿಯಲ್ಲಿ ಕುಸಿದು ಕೂತರು.

ನಾನೂರ ಹದಿಮೂರು. ದಪ್ಪ ದಪ್ಪ ಅಕ್ಷರ, ಕಣ್ಣು ಕಾಣದವರದು.

‘ಪೆರಾಕ್ಸೈಡ್. ಅರ್ಥ: ಎರಡು ಆಮ್ಲಜನಕ ಪರಮಾಣುಗಳು ನೇರವಾಗಿ ಬೆಸೆದುಕೊಂಡಿರುವ ಸಂಯುಕ್ತ. ಬೆಸುಗೆ ದುರ್ಬಲ. ತೆರೆದ ಈಥರ್ ಬಾಟಲಿ ಬಹುದಿನ ಬಳಸದೆ ಉಳಿದರೆ ಗಾಳಿ ಬೆಳಕು ತಾಗಿ ಅದರಲ್ಲಿ ಇದು ತಾನಾಗಿ ಹುಟ್ಟುತ್ತದೆ, ಅಲುಗಿದರೂ ಸಿಡಿಯಬಹುದು.’

‘ಬಳಕೆ: ಎರಡನೇ ಕಪಾಟಿನಲ್ಲಿ ಕುತ್ತಿಗೆ ಚಕ್ಕೆ ಎದ್ದಿರುವ ಬಾಟಲಿಯ ಮುಚ್ಚಳಕ್ಕೆ ಪೆರಾಕ್ಸೈಡ್ ಹರಳು ಕಟ್ಟಿದೆ, ಕೆಂಪು ಚೀಟಿ ಕಟ್ಟಿದ್ದೇನೆ, ಯಾರೂ ಮುಟ್ಟಬಾರದು.’

ಮೂಲೆಯಲ್ಲಿ: ಲ್ಯಾಬ್ ದಿನಚರಿ, ಪುಟ ನೂರ ಹನ್ನೆರಡು, ಸ್ಟೋರ್‌ಕೀಪರ್ ಬರಹ. ತಾರೀಖು, ಸಾವಿಗೆ ಆರು ದಿನ ಮೊದಲಿನದು.

"ನೋಡಿದ್ರಾ?" ಎಂದರು ಪದಕೋಶದಮ್ಮ. "ಸ್ವಂತ ಕೈಯಲ್ಲಿ ಬರೆದಿದ್ದಾರೆ. ಆ ಬಾಟಲಿ ಮುಟ್ಟಿದ್ರೆ ಏನಾಗುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಹೋಗಿ ಮುಚ್ಚಳ ತಿರುವಿದ್ರು. ಅಷ್ಟು ಬೇಸರ ಆಗಿತ್ತಾ ಅವರಿಗೆ? ಗುರುವಾರ ಎದುರಿಗೇ ಕೂತಿದ್ರಲ್ಲ, ನಾನು ಒಂದು ಮಾತು ಕೇಳಬಾರದಿತ್ತಾ? ಪದದ ಅರ್ಥ ಕೇಳಿದೆ, ಮನುಷ್ಯನ್ನ ಕೇಳಲಿಲ್ಲ."

ಮೂರು ವಾರ ಈ ಹೆಂಗಸು ಈ ನಾಲ್ಕು ಗೋಡೆಯ ಮಧ್ಯೆ, ಯಾರ ಹತ್ತಿರವೂ ಬಾಯಿ ಬಿಡದೆ, ಈ ಭಾರ ಹೊತ್ತು ಕೂತಿದ್ದರು. ಒಂಟಿತನದ ಲೆಕ್ಕಾಚಾರ ಪತ್ತೇದಾರನಿಗೂ ಗೊತ್ತು. ಮಾತಾಡುವವರಿಲ್ಲದ ಮನೆಯಲ್ಲಿ ಎಲ್ಲ ತಪ್ಪೂ ತನ್ನದೇ ಆಗಿಬಿಡುತ್ತದೆ.

ಅವನು ಕಾರ್ಡನ್ನು ಮತ್ತೆ ಓದಿದ. ಚಕ್ಕೆ ಎದ್ದಿರುವ ಬಾಟಲಿ.

"ಅಮ್ಮಾ, ಮೇಷ್ಟ್ರು ಸತ್ತ ಮೇಲೆ ನೀವು ಮೇಲೆ ಹೋಗಿ ನೋಡಿದ್ದೀರಾ?"

"ಈ ಮಂಡಿ ಇಟ್ಕೊಂಡಾ? ಎರಡು ವರ್ಷ ಆಯ್ತು ನಾನು ಮೆಟ್ಟಿಲು ಹತ್ತಿ."

"ನಾನು ನೋಡಿದ್ದೀನಿ. ಎರಡನೇ ಕಪಾಟಿನಲ್ಲಿ ಒಂದು ಬಾಟಲಿ ಉಳಿದಿದೆ. ಕುತ್ತಿಗೆಯಲ್ಲಿ ಕೆಂಪು ಚೀಟಿ ಇದೆ. ಆ ಕುತ್ತಿಗೆ ನುಣ್ಣಗಿದೆ, ಎಲ್ಲೂ ಚಕ್ಕೆ ಎದ್ದಿಲ್ಲ."

ಆಕೆಗೆ ತಕ್ಷಣ ಅರ್ಥವಾಗಲಿಲ್ಲ.

"ಸ್ಟೋರ್‌ಕೀಪರ್ ಚೀಟಿ ಕಟ್ಟಿದ್ದು ಚಕ್ಕೆ ಎದ್ದ ಬಾಟಲಿಗೆ. ಇಲ್ಲೇ ಬರೆದಿದೆ. ಆಮೇಲೆ ಯಾರೋ ಅದನ್ನ ಬಿಚ್ಚಿ ಒಳ್ಳೇ ಬಾಟಲಿಗೆ ಕಟ್ಟಿದ್ದಾರೆ. ಮೇಷ್ಟ್ರ ಕಣ್ಣಿಗೆ ಕೆಂಪು ಬಣ್ಣ ಕಾಣುತ್ತೆ. ಸಣ್ಣ ಹರಳು ಕಾಣಲ್ಲ, ಚಕ್ಕೆ ಕಾಣಲ್ಲ. ಚೀಟಿ ಇದ್ದದ್ದನ್ನ ಹುಷಾರಾಗಿ ಬಿಟ್ಟು, ಇಲ್ಲದ್ದನ್ನ ಕೈಗೆ ತಗೊಂಡ್ರು."

ಪದಕೋಶದಮ್ಮ ಕಾರ್ಡಿನ ಕಡೆ ಬಾಗಿದರು. "ಅಂದ್ರೆ..."

"ಅಂದ್ರೆ ಅವರು ಸಾಯೋಕೆ ಹೋಗಿದ್ದಲ್ಲ. ಕೆಲಸ ಮಾಡೋಕೆ ಹೋಗಿದ್ದು. ಮುಂದಿನ ಗುರುವಾರನೂ ಮೂರು ಗಂಟೆಗೆ ಇಲ್ಲಿಗೆ ಬರೋರೇ ಇದ್ದರು."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಸದ್ದಿಲ್ಲದ ಅಳು, ಆದರೆ ಮೂರು ವಾರದ್ದು. ಅವನು ಕಿಟಕಿಯ ಕಡೆ ತಿರುಗಿ ನಿಂತ. ಕಿಟಕಿಯಾಚೆ ಒಂದು ಬಿಳಿ ಗೋಡೆ ಬಿಟ್ಟು ನೋಡುವುದಕ್ಕೆ ಏನೂ ಇರಲಿಲ್ಲ.

ಅವನ ಮನಸ್ಸು ಹಗುರಾಗಿತ್ತು. ಸ್ಟೋರ್‌ಕೀಪರ್ ಬಚಾವಾದ. ಗೇಟಿನ ಹತ್ತಿರ ಕೂತ ಹುಡುಗಿಗೆ ಹೋಗಿ ಹೇಳಬೇಕು, ‘ನಿನ್ನ ಚಿಕ್ಕಪ್ಪನ ಅಕ್ಷರ ಸಿಕ್ತಮ್ಮ’ ಅಂತ. ಅವಳ ಮುಖ ಹೇಗೆ ಅರಳುತ್ತೆ ಎಂದು ಆಗಲೇ ಕಣ್ಣ ಮುಂದೆ ಬಂತು.

ಜೇಬಿಗೆ ಹಾಕುವ ಮುಂಚೆ, ಬರೀ ಅಭ್ಯಾಸಬಲದಿಂದ, ಕಾರ್ಡನ್ನು ಹಿಂದೆ ತಿರುಗಿಸಿದ.

ಹಿಂದೆ ಒಂದು ಗುರುತು ಇತ್ತು. ಹಸಿರು ಶಾಯಿ. ಸರಿ ಗುರುತಿನ ಬಾಲ ಉದ್ದಕ್ಕೆ ಎಳೆದು, ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟಿತ್ತು.

"ಇದು ನೀವು ಹಾಕಿದ್ದಾ?"

"ಅಲ್ಲ, ನಾನು ಕೆಂಪಲ್ಲಿ ಹಾಕೋದು. ನಾನು ಮೆಟ್ಟಿಲು ಹತ್ತೋದು ನಿಲ್ಲಿಸಿದ ಮೇಲೆ ಮೇಷ್ಟ್ರು ಮೇಲೆಯೇ ಯಾರ ಹತ್ರಾನೋ ಗುರುತು ಹಾಕಿಸ್ಕೊಂಡು ತರೋರು."

"ಯಾರ ಹತ್ರ?"

"ಕೇಳಲಿಲ್ಲ. ಕೇಳಿದ್ರೆ ನನ್ನ ಮಂಡಿ ವಿಷಯ ಬರ್ತಿತ್ತು. ಕೈಲಾಗಲ್ಲ ಅಂದ್ರೆ ಮನೆಗೆ ಕಳಿಸಿಬಿಟ್ಟಾರು ಅಂತ ಭಯ." ಆಕೆ ಮೂಗೊರೆಸಿಕೊಂಡರು. "ಯಾರೇ ಆಗಲಿ, ದಿನಚರಿ ಪುಟ ಕಣ್ಣಾರೆ ನೋಡಿಯೇ ಹಾಕಿರ್ತಾರೆ. ಮೇಷ್ಟ್ರು ಪಕ್ಕದಲ್ಲಿ ನಿಂತು ಓದಿಸೋರು."

ಪತ್ತೇದಾರ ಸ್ಟೂಲಿನ ಮೇಲೆ ಕೂತ.

ಅಂಗಿಯ ಜೇಬಿನಿಂದ ತನ್ನ ಪುಟ್ಟ ನೋಟ್‌ಬುಕ್ಕು ತೆಗೆದ. ಮೂರು ವಾರದ ಕೆಲಸಗಳ ಪಟ್ಟಿ ಅದರಲ್ಲಿತ್ತು. ‘ನಿಮಗೆ ಮರೆವು ಜಾಸ್ತಿ ಮಾಮ, ಕೊಡಿ ಇಲ್ಲಿ’ ಎಂದು ಮುಗಿದ ಕೆಲಸಕ್ಕೆಲ್ಲ ಅವಳೇ ಗುರುತು ಹಾಕಿಕೊಟ್ಟಿದ್ದಳು. ಲೈಬ್ರರಿ. ಲಾಕಪ್ಪು. ಲ್ಯಾಬಿನ ಕಪಾಟು.

ಒಂದೊಂದರ ಪಕ್ಕದಲ್ಲೂ ಹಸಿರು ಶಾಯಿ. ಉದ್ದ ಬಾಲ. ಹೊಟ್ಟೆಯೊಳಗೆ ಚುಕ್ಕಿ.

ಲ್ಯಾಬಿನ ಹೊಸಿಲು ತುಳಿದೋಳೇ ಅಲ್ಲ ನಾನು.

ಕೂದಲಿಗೆ ಹಚ್ತಾರಲ್ಲ, ಅದಾ ಮಾಮ?

ಅವನು ಎರಡೂ ಕೈ ಹೆಣೆದು, ಢಂ ಎಂದು ಸದ್ದು ಮಾಡಿ ವಿವರಿಸುತ್ತಿದ್ದಾಗ ಅವಳು ಕಣ್ಣರಳಿಸಿ ಕೂತಿದ್ದಳು. ಆ ಪದದ ಅರ್ಥವನ್ನೂ ಬಳಕೆಯನ್ನೂ ಅವಳು ಅದಕ್ಕೆ ಮೊದಲೇ ಓದಿ, ಸರಿ ಎಂದು ಗುರುತು ಹಾಕಿದ್ದಳು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಒಂದೂವರೆಯ ಫೋನು ನೆನಪಾಗಿ ಅಳು ಬಂದಂತಾಯಿತು. ಬೀಗದ ಕೈ ಸೊಂಟದಲ್ಲಿಟ್ಟುಕೊಂಡ ಈ ಅಮ್ಮನ ಹತ್ತಿರ ಅವಳು ಕಾರ್ಡು ಕೇಳುವ ಹಾಗಿರಲಿಲ್ಲ. ಅದಕ್ಕೆ ಒಬ್ಬ ಪತ್ತೇದಾರ ಬೇಕಿತ್ತು.

ಇದು ಕೋರ್ಟಿಗೆ ಹೋದರೆ ಒಬ್ಬ ತಂದೆ ಮನೆಗೆ ಬರುತ್ತಾನೆ. ತನಗೆ ಮಾತ್ರ ನಾಳೆಯಿಂದ ಊಟ ಆಯ್ತಾ ಎಂದು ಕೇಳುವವರಿಲ್ಲ.

ಓಣಿಯಲ್ಲಿ ಚಪ್ಪಲಿ ಸದ್ದಾಯಿತು. ಬಾಗಿಲು ತಳ್ಳಿಕೊಂಡು ಅವಳೇ ಬಂದಳು.

"ಮಾಮ! ಎಷ್ಟು ಹೊತ್ತು? ಇವತ್ತು ಊಟಾನೂ ಮಾಡಿಲ್ಲ ಅಲ್ವಾ ನೀವು? ಡಬ್ಬಿ ತಂದಿದ್ದೀನಿ."

"ಮೇಷ್ಟ್ರ ಅಣ್ಣನ ಮಗಳಲ್ವಾ ನೀನು?" ಪದಕೋಶದಮ್ಮ ಕಣ್ಣೊರೆಸಿಕೊಂಡು, ಎಷ್ಟೋ ದಿನದ ಮೇಲೆ ನಕ್ಕರು. "ಸುಡುಗಾಡಿನಲ್ಲಿ ದೂರದಿಂದ ನೋಡಿದ್ದೆ. ಬಾ ಮಗಳೇ. ನಿಮ್ಮ ಚಿಕ್ಕಪ್ಪ ಬರೆದ ಕಾರ್ಡು ಸಿಕ್ಕಿಬಿಡ್ತು!"

ಪತ್ತೇದಾರ ಕಾರ್ಡನ್ನು ನೋಟ್‌ಬುಕ್ಕಿನೊಳಗೆ ಇಟ್ಟು ಮುಚ್ಚಿದ. ಕೈ ಅದರ ಮೇಲೆಯೇ ಇತ್ತು.

ಹುಡುಗಿಯ ಕಣ್ಣು ಮೊದಲು ಆ ಕೈ ಮೇಲೆ, ಆಮೇಲೆ ತೆರೆದೇ ಇದ್ದ ಡ್ರಾಯರಿನ ಮೇಲೆ, ಕೊನೆಗೆ ಅವನ ಮುಖದ ಮೇಲೆ ಬಂದು ನಿಂತಿತು. ಅವಳ ಮುಖದಲ್ಲಿ ನಗು ಹಾಗೇ ಇತ್ತು.

"ನಾನೂರ ಹದಿಮೂರು ತಾನೆ?" ಎಂದಳು.

ಆ ನಂಬರನ್ನು ಈ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳು ಕಾಲಿನಿಂದ ಬಾಗಿಲು ಮುಚ್ಚಿದಳು. ಒಂದು ಕೈಯಲ್ಲಿ ಅವನ ಊಟದ ಡಬ್ಬಿ ಇತ್ತು. ಇನ್ನೊಂದು ಕೈಯನ್ನು ಕಾರ್ಡಿಗಾಗಿ ಚಾಚಿದಳು.